ತೂತಿನ ಅಣಬೆ, ಗೀರಿನ ಅಣಬೆ

ತೂತಿನ ಅಣಬೆ ತಿಂದು ಸತ್ತವರನ್ನು ನಾನು ಕಂಡಿರಲಿಲ್ಲ. ವಾಂತಿ ಮಾಡಿಕೊಂಡವರು, ಹೊಟ್ಟೆ ಹಿಡಿದುಕೊಂಡು ಮಲಗಿದವರು ನಮ್ಮ ಹಳಿಯಾಳದ ಕಡೆ ಪ್ರತಿ ಮಳೆಗಾಲ ಇರುತ್ತಿದ್ದರು. ಸತ್ತರೆ ಗೀರಿನ ಅಣಬೆ ತಿಂದವರೇ ಸಾಯಬೇಕು, ಹಾಗಂತ ನಾವು ತಿಳಿದಿದ್ದೆವು.

ಅಣಬೆಯ ಕೊಡೆ ತಿರುಗಿಸಿ ನೋಡಿದರೆ ಕೆಲವಕ್ಕೆ ಅಡಿಯಲ್ಲಿ ಪುಸ್ತಕದ ಹಾಳೆ ಜೋಡಿಸಿದಂತೆ ಗೀರು ಇರುತ್ತವೆ. ಕೆಲವಕ್ಕೆ ಗೀರಿಲ್ಲ, ಸೂಜಿಯಿಂದ ಚುಚ್ಚಿದ ಹಾಗೆ ತೂತು. ಒತ್ತಿದರೆ ನೆನೆದ ಬ್ರೆಡ್ಡಿನಂತೆ ಮೆತ್ತಗೆ. ಇದನ್ನೇ ನಾವು ತೂತಿನ ಅಣಬೆ ಅನ್ನುತ್ತಿದ್ದೆವು. ದಪ್ಪ ದಂಟು, ಕಂದು ಕೊಡೆ, ಮುದುಕರ ಅಂಗೈಯಷ್ಟು ಅಗಲ.

ಗುಜರಾತ್ ಬೇರೆ ರಾಜ್ಯವಾಗಿ ಕೆಲವು ವರ್ಷವಾಗಿತ್ತು. ನಾನು ಸೂರತ್ತಿನ ಒಂದು ಧರ್ಮಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ. ಆಷಾಢದ ಒಂದು ಬೆಳಿಗ್ಗೆ ಟಾಂಗಾದಲ್ಲಿ ಒಬ್ಬ ಹೆಣ್ಣುಮಗಳನ್ನು ತಂದು ಮಲಗಿಸಿದರು. ಬೆಳಕು ಹರಿಯುವ ಮೊದಲೇ ಶುರುವಾದ ವಾಂತಿ, ಭೇದಿ ನಿಂತಿರಲಿಲ್ಲ. ಕಣ್ಣು ಒಳಗೆ ಹೋಗಿದ್ದವು. "ಯವ್ವಾ, ಯವ್ವಾ" ಅನ್ನುತ್ತಿದ್ದಳು. ಆ ಮಾತು ಕೇಳಿಯೇ ನಾನು ಹತ್ತಿರ ಹೋದದ್ದು.

ಅವಳ ಗಂಡ ವಿಮಾ ಆಫೀಸಿನ ಗುಮಾಸ್ತ, ಬಿಜಾಪುರದ ಬಯಲುಸೀಮೆಯವನು. ವರ್ಗವಾಗಿ ಬಂದು ಸೂರತ್ತಿನ ಅಂಚಿನ ಉಧ್ನಾದಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಹೆಂಡತಿ ನಮ್ಮ ಕಡೆಯವಳೇ, ಹಳಿಯಾಳದ ಆಚೆಯ ಹಳ್ಳಿ.

"ಏನ್ ತಿಂದಾಳಪಾ?" ಅಂತ ಕೇಳಿದೆ.

"ಅಣಬಿ ಪಲ್ಯಾರಿ ಅಕ್ಕಾರ. ನಿನ್ನಿ ಮಧ್ಯಾಹ್ನ. ನಾ ಅದನ್ನ ಮುಟ್ಟಾಂವಲ್ಲ. ನಮ್ಮೂರಾಗ ಅದನ್ನ ಯಾರೂ ತಿನ್ನಂಗಿಲ್ಲ. ಆಕಿ ಒಬ್ಬಾಕಿನ ಕುಂತು ಎಲ್ಲಾ ಉಂಡ್ಳರಿ."

ವಾರ್ಡಿನ ಡಾಕ್ಟರಮ್ಮ ಸೂರತ್ತಿನವಳೇ. ಮಾತು ಕಡಿಮೆ. ನಾನು ಗುಜರಾತಿಯಲ್ಲಿ ತಿಳಿಸಿ ಹೇಳಿದಾಗ ಅವಳು ಎರಡು ಸಲ ಒಂದೇ ಪ್ರಶ್ನೆ ಕೇಳಿದಳು: ಉಂಡದ್ದು ಯಾವಾಗ, ವಾಂತಿ ಶುರುವಾದದ್ದು ಯಾವಾಗ. ಉಂಡದ್ದು ಮಧ್ಯಾಹ್ನ, ವಾಂತಿ ಮರುದಿನ ಬೆಳಗಿನ ಜಾವ ಅಂತ ಗಂಡ ಎರಡು ಸಲವೂ ಹೇಳಿದ. ಡಾಕ್ಟರಮ್ಮನ ಮುಖ ಸಣ್ಣದಾಯಿತು.

"ತಿಂದ ಕೂಡಲೇ ವಾಂತಿಯಾಗಿದ್ದರೆ ನಾನು ಹೆದರುತ್ತಿರಲಿಲ್ಲ, ಆಯಾಬಾಯಿ. ತಡವಾಗಿ ಶುರುವಾಗುವ ವಿಷ ಯಕೃತ್ತಿಗೆ ಇಳಿದಿರುತ್ತದೆ. ಯಾವ ಅಣಬೆ ಅಂತ ಗೊತ್ತಾಗಬೇಕು."

"ನಮ್ಮವರು ತಿನ್ನುವುದು ತೂತಿನದು. ಅದಕ್ಕೆ ಯಾರೂ ಸಾಯುವುದಿಲ್ಲ," ಅಂದೆ.

"ಹಾಗಾದರೆ ಅದನ್ನು ತಂದು ತೋರಿಸು."

ಮೊದಲು ಬೋಗುಣಿ ನೋಡಿದೆ. ವಾಂತಿಯನ್ನು ಚೆಲ್ಲದೆ ಇಟ್ಟಿದ್ದರು. ತೆಳು ಬಟ್ಟೆಯಲ್ಲಿ ಸೋಸಿ, ಉಳಿದ ಚೂರುಗಳನ್ನು ನೀರಲ್ಲಿ ಬಿಟ್ಟು, ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದೆ. ಬಿಳಿ ತಿರುಳು, ಸ್ವಲ್ಪ ದಂಟು. ತೂತೂ ಇಲ್ಲ, ಗೀರೂ ಇಲ್ಲ. ಇದ್ದೀತಾದರೂ ಹೇಗೆ? ತೂತಿನ ಅಣಬೆ ಪಲ್ಯಕ್ಕೆ ಹಾಕುವ ಮೊದಲು ಅಡಿಯ ಮೆತ್ತನೆಯದನ್ನು ಹೆಬ್ಬೆರಳಿನಿಂದ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಪಲ್ಯ ಲೋಳೆಯಾಗುತ್ತದೆ. ಮೇಲಿನ ಸಿಪ್ಪೆಯನ್ನೂ ಸುಲಿಯುತ್ತೇವೆ. ಗುರುತು ಇರುವುದೆಲ್ಲ ಹೊರಗೆ ಬಿಸಾಕಿ, ಗುರುತಿಲ್ಲದ್ದನ್ನು ಪಾತ್ರೆಗೆ ಹಾಕುವ ಅಡುಗೆ ನಮ್ಮದು.

ಕೆರೆದದ್ದು ಎಲ್ಲಿ ಅಂತ ಗಂಡನನ್ನು ಕೇಳಿದೆ. ಮನೆ ಮುಂದಿನ ಗಟಾರಕ್ಕೆ ಚೆಲ್ಲಿದ್ದಳಂತೆ. ಅವತ್ತೇ ದೊಡ್ಡ ಮಳೆ ಬಂದು ಗಟಾರ ತೊಳೆದುಕೊಂಡು ಹೋಗಿತ್ತು. ಪಾತ್ರೆಯನ್ನೂ ಅವನೇ ತಿಕ್ಕಿಟ್ಟಿದ್ದ. ಹೆಂಡತಿಗೆ ಆರಾಮಿಲ್ಲ, ತಾನಾದರೂ ಕೆಲಸ ಮುಗಿಸೋಣ ಅಂತ.

"ಎಲ್ಲಿಂದ ತಂದಿದ್ಳು?"

"ಐತವಾರ ನದಿ ದಾಟಿ ಅಡಾಜಣ್ ಕಡೆ ತಿರುಗಾಡಾಕ ಹೋಗಿದ್ವಿರಿ. ಮಾವಿನ ತೋಟದಾಗ ಸೆರಗಿನ್ಯಾಗ ಏನೋ ಕಟಗೊಂಡ್ಳು. ನಾ ಬೈದ್ನಿ, ಮಂದಿ ನೋಡ್ತಾರ ಅಂತ."

ಡಾಕ್ಟರಮ್ಮನಿಗೆ ಪರಿಚಯದ ಒಬ್ಬ ಕಾಲೇಜು ಮಾಸ್ತರ ಇದ್ದ, ಗಿಡಮರಗಳ ಪಾಠ ಹೇಳುವವನು. ಚೀಟಿ ಕಳಿಸಿ ಕರೆಸಿದಳು. ಛತ್ರಿ, ಒಂದು ಚಾಕು, ಮೇಣದ ಕಾಗದ, ಬೆತ್ತದ ಬುಟ್ಟಿ ಹಿಡಿದು ಬಂದ. ಮಧ್ಯಾಹ್ನ ಇಬ್ಬರೂ ತಾಪಿ ಸೇತುವೆ ದಾಟಿದೆವು. ಆಗ ಅಡಾಜಣ್ ಅಂದರೆ ಹೊಲ, ತೋಟ, ಎಮ್ಮೆ. ಸೇತುವೆ ಇಳಿದರೆ ಕೆಸರು.

ಗಂಡ ಗುರುತು ಹೇಳಿದ್ದ ತೋಟದ ಕಾವಲಿನವನಿಗೆ ನಾವು ಹುಡುಕುವುದು ಏನು ಅಂತ ಹೇಳಿದಾಗ ಅವನಿಗೆ ನಗು ತಡೆಯಲಿಲ್ಲ. ಅಲ್ಲಿಯವರು ಅಣಬೆಗೆ ಬಿಲಾಡಿನೊ ಟೋಪ್ ಅನ್ನುತ್ತಾರೆ, ಬೆಕ್ಕಿನ ಟೊಪ್ಪಿಗೆ. "ಸಾಹೇಬರು ಬೆಕ್ಕಿನ ಟೊಪ್ಪಿಗೆ ಕೊಳ್ಳಲು ಬಂದಿರಾ? ಬೆಕ್ಕು ಎಲ್ಲಿ?" ಅಂದ. ಆಸ್ಪತ್ರೆಯಲ್ಲಿ ಮಲಗಿದೆ ಅಂದೆ. ಆಮೇಲೆ ಅವನೇ ಮುಂದೆ ನಡೆದು ತೋರಿಸಿದ.

ಹಳೆಯ ಮಾವಿನ ಮರದ ಬುಡದಲ್ಲಿ, ಎಲೆ ಕೊಳೆತ ಜಾಗದಲ್ಲಿ ಇದ್ದವು. ಕಂದು ಕೊಡೆ, ದಪ್ಪ ದಂಟು. ದೂರದಿಂದಲೇ ನನಗೆ ಗೊತ್ತಾಯಿತು. ನಾನು ಬಗ್ಗಿ ಒಂದನ್ನು ತಿರುವಿ ಮುರಿದೆ. ಮಾಸ್ತರ ನನ್ನ ಕೈ ತಡೆದ. ಅಲ್ಲಿಯವರು ಅಕ್ಕ ಅನ್ನುವುದಕ್ಕೆ ಬೆನ್ ಅನ್ನುತ್ತಾರೆ.

"ಹಾಗೆ ಕೀಳಬೇಡಿ ಬೆನ್. ಬುಡ ಬಿಟ್ಟು ಬಂದರೆ ಅರ್ಧ ಗುರುತು ನೆಲದಲ್ಲೇ ಉಳಿಯುತ್ತದೆ. ಕೆಲವಕ್ಕೆ ಬುಡದಲ್ಲಿ ಬಟ್ಟಲು ಇರುತ್ತದೆ. ಅದು ಕೆಟ್ಟ ಜಾತಿ."

ಅವನು ಚಾಕುವಿನಿಂದ ಸುತ್ತ ಮಣ್ಣು ಬಿಡಿಸಿ ಎತ್ತಿದ. ಬಟ್ಟಲಿರಲಿಲ್ಲ. ಕೊಡೆ ತಿರುಗಿಸಿದ. ತೂತು. ಹಳದಿಗೆ ತಿರುಗಿದ ಬಣ್ಣ. ನಾನು ಹೆಬ್ಬೆರಳು ಒತ್ತಿದೆ, ಒತ್ತಿದಲ್ಲಿ ನಿಧಾನಕ್ಕೆ ನೀಲಿ ಛಾಯೆ ಬಂತು. ಉದ್ದಕ್ಕೆ ಸೀಳಿದ. ಒಳಗಿನ ತಿರುಳೂ ಸ್ವಲ್ಪ ನೀಲಿಯಾಗಿ ಹಾಗೇ ನಿಂತಿತು.

"ನಮ್ಮ ಕಡೆ ಶಾಯಿಯಷ್ಟು ನೀಲಿಯಾದರೆ ಬಿಸಾಕುತ್ತೇವೆ. ತೂತು ಕೆಂಪಿದ್ದರೆ ಮುಟ್ಟುವುದೇ ಇಲ್ಲ. ಇಷ್ಟು ನೀಲಿಯಾದರೆ ತಿನ್ನುತ್ತೇವೆ," ಅಂದೆ.

"ರುಚಿ?"

"ಚೂರು ನಾಲಿಗೆಯ ತುದಿಗಿಟ್ಟು ಉಗುಳುತ್ತೇವೆ. ಕಹಿಯಿದ್ದರೆ ಬೇಡ." ಇಟ್ಟು ಉಗುಳಿದೆ. ಕಹಿಯಿರಲಿಲ್ಲ. ಅಡಿಯ ಮೆತ್ತನೆಯದನ್ನು ಉಗುರಿನಿಂದ ಎತ್ತಿದೆ, ಒಂದೇ ಪದರವಾಗಿ ಬಿಟ್ಟುಕೊಂಡಿತು. ಅದೂ ಸರಿಯಾದ ಗುರುತು.

ಮಾಸ್ತರ ಅದನ್ನು ಬೊಲೀಟ್ ಅಂದ. ತೂತಿದೆ ಅಂದ ಮಾತ್ರಕ್ಕೆ ಎಲ್ಲ ಬೊಲೀಟೂ ಒಳ್ಳೆಯದಲ್ಲ ಬೆನ್, ಬೇರೆ ದೇಶದಲ್ಲಿ ಅದರಿಂದ ಸತ್ತವರೂ ಇದ್ದಾರೆ ಅಂದ. ಆ ತೋಟದ ಮರ ಮರವನ್ನೂ ಸುತ್ತಿದೆವು. ಹುಳ ಬಿದ್ದದ್ದು, ಕೊಳೆತು ನೀರಾದದ್ದು, ಎಮ್ಮೆ ತುಳಿದದ್ದು, ಎಲ್ಲವನ್ನೂ ತಿರುವಿ ನೋಡಿದೆವು. ಎಲ್ಲವೂ ಅದೇ. ಗೀರಿನದು ಒಂದೂ ಸಿಗಲಿಲ್ಲ. ಕೆಲವು ಬೇರೆ ಬೇರೆ ವಯಸ್ಸಿನವನ್ನು ಕಾಗದದಲ್ಲಿ ಸುತ್ತಿಕೊಂಡೆವು. ವಾಪಸು ಬರುವಾಗ ಮಳೆ ಹಿಡಿಯಿತು. ನನಗೆ ಧೈರ್ಯ ಬಂದಿತ್ತು. ಮಾಸ್ತರನಿಗೆ ಬಂದಿರಲಿಲ್ಲ.

"ಇದರಿಂದಲೇ ಆಗಿದ್ದರೆ ಸಂಜೆಯೊಳಗೆ ವಾಂತಿಯಾಗಬೇಕಿತ್ತು. ಬೆಳಗಿನ ಜಾವ ಯಾಕಾಯಿತು?" ಅಂದ.

ಮರುದಿನ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಆ ಹೆಣ್ಣುಮಗಳು ದಿಂಬಿಗೆ ಒರಗಿ ಕೂತಿದ್ದಳು. ವಾಂತಿ ನಿಂತಿತ್ತು. ತಲೆ ಬಾಚಿಕೊಂಡಿದ್ದಳು. ಗಂಡ ಪಕ್ಕದಲ್ಲಿ ನಗುತ್ತ ಕೂತಿದ್ದ. ನುಚ್ಚಿನ ಗಂಜಿ ಬೇಕು ಅಂತ ಹಟ ಮಾಡಿದಳು. ನಾನು "ಥೋಡಾ ತಡಿ" ಅಂದೆ.

"ಅಕ್ಕಾರ, ನಿಮ್ಮ ಕನ್ನಡದಾಗ ಹುಳಾ ಬಿದ್ದಾವಲ್ರಿ," ಅಂದಳು.

"ಬಿದ್ರ ಬೀಳ್ಲಿ. ನಿನ್ನ ಹೊಟ್ಯಾಗ ಏನ್ ಬಿದ್ದೈತಿ ಅದನ್ನ ಹೇಳು ಮೊದ್ಲ."

ಮಾಸ್ತರ ಬಂದ. ಹಾಸಿಗೆಯ ಮೇಲೆ ಹಳೆಯ ಪೇಪರು ಹಾಸಿ ನಾವು ತಂದದ್ದನ್ನು ಒಂದೊಂದಾಗಿ ಇಟ್ಟೆವು. ಅವಳು ದೊಡ್ಡದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು, ಒತ್ತಿ ನೋಡಿದಳು. ನನ್ನ ಹಾಗೆಯೇ ನೋಡುತ್ತಿದ್ದಳು. ಒಂದೇ ಕಡೆ ಕಲಿತ ಕೈ.

"ಇವ ನೋಡ್ರಿ. ಅಡಾಜಣ್ ತೋಟದಾಗಿನವು. ಬರೋಬ್ಬರಿ ಕೆರದ, ಸಿಪ್ಪಿ ಸುಲದ ಹಾಕಿನ್ರಿ. ನಮ್ಮವ್ವ ಕಲಿಸಿದ್ದ ನಾ ಹೆಂಗ ಬಿಡ್ಲಿ?"

"ಇವು ಅಷ್ಟ?"

"ಇವು ಎಲ್ಲಿ ಸಾಲ್ತಾವರಿ ಒಂದ ಪಲ್ಯಾಕ? ಅರ್ಧಕ್ಕ ಹುಳಾ ಇದ್ವು. ಮರುದಿನ ನೀರಿಗೆ ಹೋದಾಗ ನಮ್ಮ ಮನಿ ಹಿಂದ, ಮಗ್ಗದ ಶೆಡ್ಡಿನ ಗ್ವಾಡಿ ಬಾಜೂಕ ಮೊಗ್ಗ ಎದ್ದಿದ್ದವರಿ. ಅವನ್ನೂ ಒಂದ ಬೊಗಸಿ ತಂದ ಹಾಕಿನ್ರಿ."

"ಮೊಗ್ಗಿನ ಅಡಿ ನೋಡಿದ್ಯಾ?"

ಅವಳು ನನ್ನನ್ನೇ ನೋಡಿದಳು, ಏನು ಕೇಳುತ್ತಿದ್ದಾಳೆ ಇವಳು ಅನ್ನುವಂತೆ. "ಮೊಗ್ಗಿಗೆ ಏನ್ ನೋಡೂದರಿ ಅಕ್ಕಾರ? ಮೊಗ್ಗಿಗೆ ಕೆರಿಯೂದ ಇರಂಗಿಲ್ಲ. ಇಡೀ ಇಡೀ ಹಾಕಿನ್ರಿ."

ಅವಳು ಹೇಳಿದ್ದು ಸರಿಯೇ. ನಮ್ಮ ಕಡೆ ತೂತಿನ ಅಣಬೆ ಎಳೆಯದಿರುವಾಗ ಅಡಿಯ ಮೆತ್ತನೆಯದು ಇನ್ನೂ ಬೆಳೆದಿರುವುದಿಲ್ಲ, ಕೆರೆಯುವ ಕೆಲಸವಿಲ್ಲ. ಗುಂಡಗೆ ಮುಚ್ಚಿಕೊಂಡಿರುವ ಅದನ್ನು ಮೊಗ್ಗು ಅನ್ನುತ್ತೇವೆ. ತೊಳೆದು ಇಡಿಯಾಗಿ ಎಣ್ಣೆಗೆ ಬಿಡುತ್ತೇವೆ. ರುಚಿಯೆಲ್ಲ ಅದರದ್ದೇ. ಮನೆಯಲ್ಲಿ ಮೊಗ್ಗಿಗೆ ಜಗಳ ನಡೆಯುತ್ತದೆ. ಅಲ್ಲಿ ದೊಡ್ಡದರ ಪಕ್ಕದಲ್ಲೇ ಮೊಗ್ಗು ಇರುತ್ತದೆ, ಆದ್ದರಿಂದ ಅಡಿ ನೋಡುವ ಪದ್ಧತಿಯೇ ಇಲ್ಲ. ಇವಳಿಗೆ ದೊಡ್ಡವು ನದಿಯ ಆಚೆ ಸಿಕ್ಕವು, ಮೊಗ್ಗು ಉಧ್ನಾದ ಗೋಡೆಯ ಬದಿ ಸಿಕ್ಕವು. ಎರಡೂ ಒಂದೇ ಅಂದುಕೊಂಡಳು.

ಮಾಸ್ತರನಿಗೆ ಗುಜರಾತಿಯಲ್ಲಿ ಹೇಳಿದೆ. ಅವನು ಪೇಪರನ್ನು ಅಲ್ಲೇ ಬಿಟ್ಟು ಎದ್ದ.

ಉಧ್ನಾದಲ್ಲಿ ಆ ಗೋಡೆಯ ಬದಿ ಹುಡುಕಲು ಶುರುಮಾಡಿದೆವು. ಒಳಗೆ ಮಗ್ಗ ಬಡಿಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮನೆಯವರೆಲ್ಲ ಬೂದಿ, ಕಸ, ಸಗಣಿ ಸುರಿಯುವ ಜಾಗ ಅದು. ಮುಂಜಾನೆ ಯಾರೋ ಹೊಸ ಕಸ ಸುರಿದಿದ್ದರು. ಕೋಲಿನಿಂದ ಕೆದಕಿ, ಕೈಯಿಂದ ಸರಿಸಿ ನೋಡಿದೆವು. ಬೂದಿಯ ಕೆಳಗೆ ಕೊಳೆತ ದಂಟು ಸಿಕ್ಕವು, ಯಾವುದರದ್ದು ಅಂತ ಹೇಳಲಾಗದಷ್ಟು ಕೊಳೆತಿದ್ದವು. ನೀರು ತರಲು ಬಂದ ಹೆಂಗಸರು ನಿಂತು ನೋಡಿದರು. "ಏನು ಕಳೆದಿದೆ ಮಾಸಿ?" ಅಂತ ಒಬ್ಬಳು ಕೇಳಿದಳು. ಬೆಕ್ಕಿನ ಟೊಪ್ಪಿಗೆ ಅಂದರೆ ಇಲ್ಲೂ ನಗುತ್ತಾರೆ ಅಂತ ಸುಮ್ಮನಾದೆ.

ಕಡೆಗೆ ಗೋಡೆಯ ಮೂಲೆಯಲ್ಲಿ ಒಡೆದ ಮಡಕೆಯ ಹಿಂದೆ ಸಿಕ್ಕವು. ಪುಟ್ಟವು. ಹೆಬ್ಬೆರಳಿನಷ್ಟು ಕೊಡೆ, ಮೇಲೆ ಕಂದು ಹುರುಪೆ. ಮುಚ್ಚಿಕೊಂಡಿದ್ದವು ಗುಂಡಗೆ ಮೊಗ್ಗಿನ ಹಾಗೇ ಕಂಡವು. ನಾನಾಗಿದ್ದರೂ ತರುತ್ತಿದ್ದೆ. ಮಾಸ್ತರ ಬುಡಸಮೇತ ಎತ್ತಿ ಅರಳಿದ್ದೊಂದನ್ನು ತಿರುಗಿಸಿದ. ಗೀರು. ಬೆಳ್ಳಗೆ, ಒತ್ತಾಗಿ. ಒಂದು ಮೊಗ್ಗನ್ನು ಸೀಳಿ ತೋರಿಸಿದ, ಒಳಗೂ ಗೀರಿನ ಸಾಲು ಮಡಚಿಕೊಂಡು ಕೂತಿತ್ತು. ಚಾಕು ಹಾಕಿದ್ದರೆ ಅವಳಿಗೂ ಕಾಣುತ್ತಿತ್ತು.

"ಇದರ ಹೆಸರೇನು?" ಅಂದೆ.

"ಗೊತ್ತಿಲ್ಲ ಬೆನ್. ಇದರ ಜಾತಿಯ ಕೆಲವು ಯಕೃತ್ತು ತಿನ್ನುತ್ತವೆ ಅಂತ ಓದಿದ್ದೇನೆ. ಇದೂ ಅದರಲ್ಲಿ ಒಂದು ಅಂತ ಪ್ರಮಾಣ ಮಾಡಿ ಹೇಳಲಾರೆ."

ಆಸ್ಪತ್ರೆಯ ಔಷಧದ ಕೋಣೆಯಲ್ಲಿ ಎರಡು ಕಾಗದ ಹಾಸಿದ, ಒಂದು ಬಿಳಿ, ಒಂದು ಕಪ್ಪು. ಎರಡರ ಮೇಲೂ ಒಂದು ತೂತಿನದರ ಕೊಡೆ, ಒಂದು ಗೀರಿನದರ ಕೊಡೆ ಬೋರಲು ಇಟ್ಟು ಗಾಜಿನ ಲೋಟ ಮುಚ್ಚಿದ. ಕೊಡೆಯಿಂದ ಹಿಟ್ಟು ಉದುರುತ್ತದೆ, ಅದರ ಬಣ್ಣ ನೋಡಿದರೆ ಜಾತಿ ಗೊತ್ತಾಗುತ್ತದೆ, ಯಕೃತ್ತು ತಿನ್ನುವ ಆ ಜಾತಿಯದಕ್ಕೆ ಬಿಳಿ ಹಿಟ್ಟು ಅಂದ. ಮುಟ್ಟಬಾರದು ಅಂತ ನನ್ನನ್ನೇ ಕಾವಲು ಕೂರಿಸಿದ. ಸಂಜೆಗೆ ತೆಗೆದು ನೋಡಿದರೆ ತೂತಿನದು ಬಿಳಿ ಕಾಗದದ ಮೇಲೆ ಕಂದು ಹಿಟ್ಟು ಬಿಟ್ಟಿತ್ತು. ಗೀರಿನದು ಬಿಳಿ ಕಾಗದದ ಮೇಲೆ ಏನೂ ಬಿಟ್ಟಂತೆ ಕಾಣಲಿಲ್ಲ. ಕಪ್ಪು ಕಾಗದದ ಮೇಲೆ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಹಿಟ್ಟು. ಮಾಸ್ತರ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಸುಸ್ತಾಗಿತ್ತು ಅವನಿಗೆ.

ಡಾಕ್ಟರಮ್ಮ ನೋಡಿದಳು. "ನಾನು ಅಂದುಕೊಂಡದ್ದೇ," ಅಂದಳು.

"ಈಗ ಗೊತ್ತಾಯಿತಲ್ಲ, ಮದ್ದು ಕೊಡಿ."

"ಇದಕ್ಕೆ ಮದ್ದಿಲ್ಲ ಬಾಯಿ. ಗ್ಲೂಕೋಸ್ ಹಾಕಬಹುದು. ಅಹಮದಾಬಾದಿನ ದೊಡ್ಡ ಆಸ್ಪತ್ರೆಯಲ್ಲೂ ಅದನ್ನೇ ಹಾಕುತ್ತಾರೆ, ಆದರೆ ಅಲ್ಲಿ ರಕ್ತ ನೋಡುವ ವ್ಯವಸ್ಥೆ ಇದೆ, ಕೊಡುವ ವ್ಯವಸ್ಥೆ ಇದೆ. ಅಲ್ಲಿಗೆ ಹೋದರೆ ಉಳಿಯುತ್ತಾಳೆ ಅಂತ ನಾನು ಹೇಳುವುದಿಲ್ಲ. ಇಲ್ಲಿದ್ದರೆ ಉಳಿಯುವುದಿಲ್ಲ ಅಂತ ಹೇಳುತ್ತೇನೆ."

"ಗೊತ್ತಾಗಿ ಏನು ಬಂತು ಹಾಗಾದರೆ?"

"ಮನೆಗೆ ಕಳಿಸುವ ತಪ್ಪು ಮಾಡುವುದಿಲ್ಲ. ಅಷ್ಟು ಬಂತು."

ಗಂಡನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವರಾಂಡದಲ್ಲಿ ಕರೆದು ಹೇಳಿದೆ. ಅವನು ನಂಬಲಿಲ್ಲ.

"ಆರಾಮ ಆಗ್ಯಾಳಲ್ರಿ ಅಕ್ಕಾರ. ಗಂಜಿ ಕುಡಿದಾಳ. ಇವತ್ತ ನನಗ ಬೈದ್ಳು, ಅಂಗಿ ಹೊಲಸಾಗೈತಿ ಅಂತ. ಸಾಯಾಕಿ ಬೈತಾಳೇನ್ರಿ?"

"ಇದು ಆರಾಮ ಅಲ್ಲ. ಈ ವಿಷದ್ದು ನಡುವ ಹಿಂಗ ಒಂದ ದಿನ ಬಿಡುವು ಇರತೈತಂತ. ಆಮ್ಯಾಲ ಮತ್ತ ಹಿಡಿತೈತಿ."

"ಮನಿಗೆ ಕರಕೊಂಡ ಹೋಗ್ತೇನ್ರಿ. ಆಕೀನೂ ಮನಿಗೆ ನಡಿ ಅಂತಾಳ."

"ಆಕಿ ಕಣ್ಣ ನೋಡಿ ಬಾ. ಕಿಡಕಿ ಹತ್ರ ಕರಕೊಂಡ ಹೋಗಿ, ಬೆಳಕಿನ್ಯಾಗ ನೋಡು."

ಹೋದ. ಬಹಳ ಹೊತ್ತಿನ ಮೇಲೆ ಹೊರಗೆ ಬಂದ. ಕಣ್ಣಿನ ಬಿಳಿಗೆ ಅರಿಶಿನ ಹತ್ತಿತ್ತು. ನಾನು ಮಧ್ಯಾಹ್ನವೇ ನೋಡಿದ್ದೆ.

"ನೀವ ಏನ್ ಅಂತೀರಿ?" ಅಂದ.

"ಹೋಗೂಣು. ನಾನೂ ಬರ್ತೇನಿ. ಹೋಗದ ಇದ್ರ ನಾಳೆ ನಿನಗ ನೀನ ಕೇಳ್ಕೋತ ಕುಂದ್ರತಿ."

ಡಾಕ್ಟರಮ್ಮ ನನಗೆ ರಜೆ ಕೊಟ್ಟು, ಚೀಟಿ ಬರೆದು, ಗ್ಲೂಕೋಸ್ ಪುಡಿ ಕೊಟ್ಟಳು. ಬೆಳಗಿನ ರೈಲಿಗೆ ಮಾಸ್ತರ ಸ್ಟೇಷನ್ನಿಗೆ ಬಂದ. ಒಣಗಿಸಿದ ಗೀರಿನ ಅಣಬೆ, ಕಪ್ಪು ಕಾಗದ ಎರಡನ್ನೂ ಒಂದು ಡಬ್ಬಿಯಲ್ಲಿಟ್ಟು ಅಲ್ಲಿನ ಡಾಕ್ಟರಿಗೆ ತೋರಿಸಿ ಅಂದ. ಹೆಂಗಸರ ಬೋಗಿಯಲ್ಲಿ ಅವಳನ್ನು ಮಲಗಿಸಲು ಜಾಗ ಕೇಳಬೇಕಾಯಿತು. ಕಾಮಾಲೆ ಅಂತ ತಿಳಿದು ಪಕ್ಕದವರು ತಾವೇ ದೂರ ಸರಿದರು. ಗಂಡ ಪಕ್ಕದ ಬೋಗಿಯಲ್ಲಿದ್ದ. ಪ್ರತಿ ಸ್ಟೇಷನ್ನಿನಲ್ಲಿ ಇಳಿದು ಕಿಟಕಿಗೆ ಬರುತ್ತಿದ್ದ.

ಭರೂಚ್ ದಾಟುವವರೆಗೆ ಅವಳಿಗೆ ಮಾತಿತ್ತು.

"ಅಕ್ಕಾರ, ಅವು ಮೊಗ್ಗ ಅಲ್ಲಲಾ?"

"ಅಲ್ಲ."

"ಮತ್ತ ಯಾವು?"

"ಮಾಸ್ತರಗೂ ಗೊತ್ತಿಲ್ಲ. ಗೀರಿನವು."

"ರುಚಿ ಭಾಳ ಇತ್ತರಿ," ಅಂದಳು. "ನಮ್ಮವರಿಗೆ ಒಂದ ತುತ್ತರೆ ತಿನ್ರಿ ಅಂತ ಗಂಟ ಬಿದ್ದಿದ್ದೆ. ಮುಖಾ ಕಿವುಚಿದ್ರು. ಸಿಟ್ಟ ಬಂದಿತ್ತು ನನಗ."

ನಾನು ಗ್ಲೂಕೋಸ್ ನೀರು ಬಾಯಿಗೆ ಹಿಡಿದೆ. ಕುಡಿದಳು. ಕುಡಿದದ್ದು ಹೊರಗೆ ಬಂತು, ಜೊತೆಗೆ ರಕ್ತ ಬಂತು. ಆಮೇಲೆ ಹೊಂದಾಣಿಕೆಯಿಲ್ಲದ ಮಾತು ಶುರುವಾಯಿತು. ಯಾರನ್ನೋ ನೀರಿಗೆ ಕರೆಯುತ್ತಿದ್ದಳು. ವಡೋದರಾ ಬರುವ ಹೊತ್ತಿಗೆ ಕರೆದರೆ ಓಗೊಡುತ್ತಿರಲಿಲ್ಲ. ಅಹಮದಾಬಾದ್ ಇನ್ನೂ ದೂರ. ಇಳಿಸೋಣ ಅಂದೆ. ಗಂಡ ಬೇಡ, ಮುಂದೆ ಹೋಗೋಣ ಅಂದ. ಉಸಿರು ನೋಡು ಅಂದೆ. ಪೋರ್ಟರುಗಳ ಕೈಯಿಂದ ಎತ್ತಿಸಿ ಇಳಿಸಿದೆವು.

ವಡೋದರಾದ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದ. ಮಾಸ್ತರನ ಡಬ್ಬಿ ಕೊಟ್ಟೆ. ತೆರೆದು ನೋಡಿ, ಚೀಟಿ ಓದಿ, ಮತ್ತೆ ಮುಚ್ಚಿ ನನ್ನ ಕೈಗೇ ಕೊಟ್ಟ. ಸೂಜಿ ಚುಚ್ಚಿದಲ್ಲಿ ರಕ್ತ ನಿಲ್ಲಲಿಲ್ಲ. ನಾನು ಹತ್ತಿ ಬದಲಿಸುತ್ತಾ ಕೂತೆ. ಅದಷ್ಟೇ ಉಳಿದ ಕೆಲಸ. ಮರುದಿನ ಮಧ್ಯಾಹ್ನ ಉಸಿರು ನಿಂತಿತು.

ಹೆಣ ಕೊಡುವವರೆಗೆ ಗಂಡ ಮತ್ತು ನಾನು ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಕೂತಿದ್ದೆವು. ಅವನು ಅಳಲಿಲ್ಲ. ಕೈಯಲ್ಲಿ ಅವಳ ಬಳೆ ಇದ್ದವು.

"ಊರಾಗ ಜ್ವರ ಬಂದಿತ್ತು ಅಂತ ಹೇಳ್ತೇನ್ರಿ," ಅಂದ.

"ಹಂಗ ಹೇಳಬ್ಯಾಡ."

"ಮತ್ತೇನ್ ಹೇಳ್ಲಿ? ಮೊಗ್ಗ ಇಡೀ ಹಾಕೂದು ಆಕಿ ಅವ್ವನ ಕಲಿಸ್ಯಾಳ್ರಿ. ನೀ ಕಲಿಸಿದ್ದಕ್ಕ ನಿನ್ನ ಮಗಳ ಸತ್ಲು ಅಂತ ಆ ಮುದುಕಿ ಮುಂದ ಹೆಂಗ ಹೇಳ್ಲಿ?"

"ಆ ಮನ್ಯಾಗ ಮತ್ಯಾರ ಅದಾರ?"

"ತಂಗ್ಯಾರ ಇಬ್ಬರು. ಸಣ್ಣಾಕಿದು ಈಗ ಲಗ್ನ ಗಟ್ಟಿ ಆಗೈತಿ."

"ಅವರಿಗೂ ಅದನ್ನ ಕಲಿಸ್ಯಾಳ. ಚಾಕು ಹಾಕಿ ಒಳಗ ನೋಡ್ರಿ ಅಂತ ಹೇಳು. ಮೊಗ್ಗ ಇದ್ರೂ ಸೀಳಿ ನೋಡ್ರಿ ಅಂತ. ಯಾರ ಕಲಿಸಿದ್ರು, ಯಾರ ಬಿಟ್ರು, ಅದನ್ನ ತಗೀಬ್ಯಾಡ."

"ತಗೀದ ಹೆಂಗ ಹೇಳೂದರಿ? ಕೇಳಿದ ಕೂಡ್ಲೆ ಆಕೀಗೆ ತಿಳೀತೈತಿ."

ತಿಳಿಯುತ್ತದೆ, ನಿಜ.

"ಅಲ್ಲಿ ಅಂಥವು ಏಳಂಗಿಲ್ಲ ಬಿಡ್ರಿ," ಅಂದ.

"ಇಲ್ಲೂ ಏಳಂಗಿಲ್ಲ ಅಂತ ಆಕಿ ತಿಳದಿದ್ಳು."

ಒಳಗಿನಿಂದ ಕರೆ ಬಂತು, ಅವನು ಎದ್ದು ಹೋದ. ದಹನ ವಡೋದರಾದಲ್ಲೇ ಆಯಿತು. ನಾನು ಸೂರತ್ತಿಗೆ ಬಂದು ಕೆಲಸಕ್ಕೆ ಸೇರಿಕೊಂಡೆ. ಅವನು ಉಧ್ನಾದ ಮನೆ ಖಾಲಿ ಮಾಡಿ ಊರಿಗೆ ಹೋದ ಅಂತ ತಿಳಿಯಿತು. ಹೆಂಡತಿಯ ಮನೆಯಲ್ಲಿ ಏನು ಹೇಳಿದ ಅನ್ನುವುದು ತಿಳಿಯಲಿಲ್ಲ. ಅವನು ಹೊರಟಾಗ ಇನ್ನೂ ಆಷಾಢ. ಅವಳ ಊರಲ್ಲಿ ಅಣಬೆ ಜೋರಾಗಿ ಏಳುವುದು, ತಂಗಿಯರು ಬುಟ್ಟಿ ಹಿಡಿದು ಹೋಗುವುದು ಶ್ರಾವಣದಲ್ಲಿ.